ಕುಂಕುಮ ಹಚ್ಚಿದ ಹೊಸ ಬ್ರೇಕು

ಮೂರು ವರ್ಷದ ಹಿಂದಿನ ಮಾತು, ಆಗ ನನಗೆ ಅರವತ್ತೇಳು. ಭದ್ರಾವತಿಯ ಗ್ಯಾರೇಜಿನವನೊಬ್ಬ ಶಿವಮೊಗ್ಗದ ನಮ್ಮ ಮನೆ ಜಗಲಿಯಲ್ಲಿ ಕೂತು, ನಾನು ಮಾರಲು ಇಟ್ಟಿದ್ದ, ಕಾರಿಗೆ ಹಾಕುವ ಬ್ರೇಕ್ ಡಿಸ್ಕನ್ನು ತಿರುಗಿಸಿ ನೋಡಿ ಮುಖ ಸಿಂಡರಿಸಿದ.

“ಅಜ್ಜಿ, ಹೊಸದು ಅಂದ್ರಿ. ತುಕ್ಕು ಹಿಡ್ದಿದೆಯಲ್ಲ!”

“ಕಣ್ಣು ಬಿಟ್ಟು ನೋಡು ಮಾರಾಯ, ಅದು ಕುಂಕುಮ. ಆಯುಧಪೂಜೆಗೆ ನಾನೇ ಹಚ್ಚಿದ್ದು,” ಎಂದು ಸೆರಗಿನಿಂದ ಉಜ್ಜಿ ತೋರಿಸಿದೆ.

ಹೊಸದೇ ಹೌದು. ನನ್ನ ಮಗ ಗಿರೀಶ ಮೆಕ್ಯಾನಿಕ್. ತನ್ನ ಕಾರು ಜೋರಾಗಿ ಓಡುತ್ತದೆಂದು ದೊಡ್ಡ ಬ್ರೇಕಿನ ಈ ಸೆಟ್ ತರಿಸಿದ್ದ. ಹಾಕುವ ಮೊದಲೇ ಆಯನೂರು ರಸ್ತೆಯಲ್ಲಿ ಕಾರು ಮರಕ್ಕೆ ಗುದ್ದಿತು. ಮುರಿದ ಕಾಲು ಕೂಡಿತು, ಅವನು ಮಾತ್ರ ಮತ್ತೆ ರಿಪೇರಿಯ ಪಾನಾ ಮುಟ್ಟಿರಲಿಲ್ಲ. ಬ್ರೇಕಿನ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿ, ಹಗಲೆಲ್ಲ ಆ ಮಂಚದ ಮೇಲೇ ಬಿದ್ದಿರುತ್ತಿದ್ದ. ಅವನನ್ನು ಕೇಳದೆ ನಾನೇ ಪಕ್ಕದ ಮನೆಯವಳ ಫೋನಿನಲ್ಲಿ ಮಾರಾಟಕ್ಕಿದೆ ಎಂದು ಅದರ ಫೋಟೊ ಹಾಕಿಸಿದ್ದೆ.

ಗ್ಯಾರೇಜಿನವನು ಡಿಸ್ಕನ್ನು ಕಣ್ಣಿಗೊತ್ತಿಕೊಂಡ. “ಪೂಜೆ ಮಾಡಿದ್ದನ್ನ ಮಾರ್ತೀರಾ?”

“ಪೂಜೆ ಮಾಡೋದು ಕೆಲಸ ಮಾಡ್ಲಿ ಅಂತ. ಮಂಚದ ಕೆಳಗೆ ಬಿದ್ದಿರ್ಲಿ ಅಂತಲ್ಲ.”

“ತಗೋತೀನಿ. ಆದ್ರೆ ಇದನ್ನ ಕೂರಿಸೋಕೆ ನಮ್ಮಲ್ಲಿ ಯಾರಿಗೂ ಬರಲ್ಲ,” ಎಂದ.

ಒಳಗೆ ಮಲಗಿದ್ದವನಿಗೂ ಕೇಳಲೆಂದು ಗಟ್ಟಿಯಾಗಿ ಹೇಳಿದೆ: “ನನ್ನ ಮಗನಿಗೆ ಬರುತ್ತೆ. ನಾಳೆ ಬರ್ತಾನೆ.”

ಮರುದಿನ ಬೆಳಗ್ಗೆ ಗಿರೀಶನ ಕೈಗೆ ಪಾನಾ ಚೀಲ ಕೊಟ್ಟು, ಭದ್ರಾವತಿ ಬಸ್ಸಿನ ಕಿಟಕಿ ಪಕ್ಕ ಕೂರಿಸಿ, ಇಳಿದು ಓಡದ ಹಾಗೆ ಈಚೆ ಬದಿಗೆ ನಾನು ಕೂತೆ.