ಮೈಕಮ್ಮನ ಪಟ್ಟಿಯಲ್ಲಿ ಆರನೆಯ ಊರು

ನಮ್ಮ ಬಸ್ ನಿಲ್ದಾಣದಲ್ಲಿ ಮೈಕಮ್ಮನ ಮುಖ ಕಂಡವರಿಗಿಂತ ದನಿ ಕೇಳಿದವರೇ ಹೆಚ್ಚು. ಇಪ್ಪತ್ತಾರು ವರ್ಷ ಅದೇ ಗಾಜಿನ ಕೋಣೆ, ಅದೇ ಕುರ್ಚಿ, ಮೈಕಿನ ತಲೆಗೆ ಸುತ್ತಿದ ಅದೇ ಕರವಸ್ತ್ರ. ಸಂತೆಯಲ್ಲಿ "ಅರ್ಧ ಕೆಜಿ ಈರುಳ್ಳಿ ಕೊಡಿ" ಎಂದರೆ ಸಾಕು, ಅಂಗಡಿಯವನು ತಕ್ಕಡಿ ಬಿಟ್ಟು ತಲೆಯೆತ್ತಿ, "ಓಹೋ, ಪ್ಲಾಟ್‌ಫಾರಂ ಮೂರು!" ಎನ್ನುತ್ತಿದ್ದ.

ಪಕ್ಕದ ಪಾಸ್ ಕೌಂಟರಿನಲ್ಲಿ ಕೂರುತ್ತಿದ್ದವನು ನಾನು. ನಮ್ಮಿಬ್ಬರ ನಡುವೆ ಒಂದು ಪ್ಲೈವುಡ್ ಗೋಡೆ, ಅದರಲ್ಲಿ ಟೀ ಲೋಟ ದಾಟಿಸುವಷ್ಟು ಕಿಂಡಿ. ಆ ಕಿಂಡಿಯಿಂದಲೇ ಅವರ ಮನೆಯ ಕಥೆಯೆಲ್ಲ ನನಗೆ ಬಂದದ್ದು. ಅವರ ತಂದೆ ಇದೇ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ಸರ್ವಿಸಿನಲ್ಲಿರುವಾಗಲೇ ತೀರಿಕೊಂಡರು. ಅನುಕಂಪದ ನೌಕರಿ ನ್ಯಾಯವಾಗಿ ಹಿರಿಮಗಳಿಗೆ ಹೋಗಬೇಕಿತ್ತು. ಅಕ್ಕನಿಗೆ ಆಗಲೇ ಮದುವೆ ಗೊತ್ತಾಗಿತ್ತು. "ನನಗೆ ಗಂಡ ಸಿಕ್ಕಾಯ್ತು, ಕೆಲಸ ನೀನಿಟ್ಕೋ" ಎಂದು ನಗುತ್ತಾ ಕಾಗದಕ್ಕೆ ಸಹಿ ಹಾಕಿ, ಕಡಲಂಚಿನ ಉಪ್ಪಿನ ದಿಬ್ಬ ಎಂಬ ಊರಿಗೆ ಸೊಸೆಯಾಗಿ ಹೋದರಂತೆ. ಭಾವ ಅಲ್ಲಿನ ಉಪ್ಪಿನ ಗೋದಾಮಿನಲ್ಲಿ ತೂಕ ಹಾಕುವವರು. ಇಪ್ಪತ್ತರ ವಯಸ್ಸಿನಿಂದಲೇ ಸಕ್ಕರೆ ಕಾಯಿಲೆ, ದಿನಕ್ಕೆರಡು ಇಂಜೆಕ್ಷನ್. "ಊರಿಗೆಲ್ಲ ಉಪ್ಪು ತೂಗೋನಿಗೆ ದೇವರು ಸಕ್ಕರೆ ಕೊಟ್ಟ ನೋಡು ನಾದಿನಿ" ಎಂದು ಬಂದಾಗಲೆಲ್ಲ ಅದೇ ಜೋಕು. ಮೈಕಮ್ಮ ಅದೇ ಜೋಕಿಗೆ ಪ್ರತಿ ಸಲವೂ ನಗುತ್ತಿದ್ದರು.

ಕೆಲಸದಲ್ಲಿ ಅವರದು ಒಂದು ಹಟ. ಹೊರಡದ ಬಸ್ಸನ್ನು ಕರೆಯುತ್ತಿರಲಿಲ್ಲ. "ಇನ್ನೈದು ನಿಮಿಷ ಅಂತ ಹೇಳ್ಬಿಡಿ ಮೇಡಂ, ಜನ ತಲೆ ತಿಂತಿದಾರೆ" ಎಂದು ಡ್ರೈವರುಗಳು ಅಂಗಲಾಚಿದರೆ, "ನೀವು ಸೀಟಲ್ಲಿ ಕೂತು ಗಾಡಿ ಸ್ಟಾರ್ಟ್ ಮಾಡಿ, ಆಮೇಲೆ ಹೇಳ್ತೀನಿ" ಎನ್ನುತ್ತಿದ್ದರು. ಇದೇ ಡಿಪೋದ ಡ್ರೈವರಾಗಿದ್ದ ಅವರ ಗಂಡನಿಗೂ ಇದರಲ್ಲಿ ರಿಯಾಯಿತಿ ಇರಲಿಲ್ಲ.

ಆ ಭಾನುವಾರ ಬಿರುಗಾಳಿ ಬಂತು, ಗಾಳಿಯ ಬೆನ್ನಿಗೇ ಕಡಲು ಬಂತು. ಮಧ್ಯಾಹ್ನದ ಹೊತ್ತಿಗೆ ಮೀನು ಮಾರುಕಟ್ಟೆ, ಕೆಳಗಿನ ಪೇಟೆ, ತೀರದ ಎಂಟು ಹತ್ತು ಊರುಗಳು ನೀರಿನಡಿ. ನಿಲ್ದಾಣ ಎತ್ತರದಲ್ಲಿದ್ದದ್ದರಿಂದ ಉಳಿಯಿತು. ಸೋಮವಾರ ಬೆಳಿಗ್ಗೆ ಪರಿಹಾರದ ಕಚೇರಿ ಅಲ್ಲಿಗೇ ಬಂತು. ಅಧಿಕಾರಿ ಚಿಕ್ಕ ವಯಸ್ಸಿನವರು, ಎರಡು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಜೀಪಿನ ಬಾನೆಟ್ ಮೇಲೆ ನಕ್ಷೆ ಹರಡಿ ಬೆರಳಿಟ್ಟು ದಾರಿ ತೋರಿಸುತ್ತಿದ್ದರು. ಹಿಂದೆ ನಿಂತು ಕೇಳುತ್ತಿದ್ದ ಮೈಕಮ್ಮ ತಡೆಯಲಾಗದೆ ಬಾಯಿ ಹಾಕಿದರು.

"ಸಾರ್, ಆ ರಸ್ತೆ ಮಾಮೂಲಿ ಮಳೆಗೇ ಮುಳುಗುತ್ತೆ. ಇಟ್ಟಿಗೆ ಗೂಡಿನ ಹಿಂದೆ ಒಂದು ಮಣ್ಣಿನ ದಾರಿ ಇದೆ, ಲಾರಿ ಹಿಡಿಸುತ್ತೆ. ಈ ಸೇತುವೆ ಮೇಲೆ ಎರಡು ಗಾಡಿ ಒಟ್ಟಿಗೆ ಬಿಡ್ಬೇಡಿ."

ಅಧಿಕಾರಿ ತಿರುಗಿ ನೋಡಿದರು. "ನೀವ್ಯಾರು?"

"ಬಸ್ಸು ಕೂಗೋಳು."

"ಕೂತ್ಕೊಳ್ಳಿ. ಇವತ್ತಿಂದ ಗಾಡಿ ಬಿಡೋ ಜವಾಬ್ದಾರಿ ನಿಮ್ಮದು."

ಹೀಗೆ ಮೈಕಮ್ಮ ಒಂದು ಜಿಲ್ಲೆಯ ಹಸಿವಿಗೆ ವೇಳಾಪಟ್ಟಿ ಬರೆಯಲು ಕುಳಿತರು. ಪ್ಲಾಟ್‌ಫಾರಂ ಒಂದರಲ್ಲಿ ನೀರು, ಎರಡರಲ್ಲಿ ಅಕ್ಕಿ ಮತ್ತು ಬ್ರೆಡ್ಡು, ಮೂರರಲ್ಲಿ ಗಾಯಾಳುಗಳು. ನಾನು ಪಾಸ್ ಬರೆಯುವ ಪೆನ್ನಿನಲ್ಲೇ ಗಾಡಿಗಳಿಗೆ ಚೀಟಿ ಬರೆದುಕೊಟ್ಟೆ. ಎಲ್ಲೆಲ್ಲಿಂದಲೋ ಲಾರಿಗಳು ಬಂದವು. ಬೇಕಾದದ್ದು ಬರಲಿಲ್ಲ, ಬೇಡದ್ದು ಬಂತು. ನೀರು ಕೇಳಿದರೆ ಒಂದು ಲಾರಿ ತುಂಬ ಉಣ್ಣೆ ಕೋಟು ಬಂತು, ಅದೂ ಹಿಮ ಬೀಳುವ ಕಡೆ ಹಾಕುವಂಥದ್ದು. ಹೊರಗೆ ಬಿಸಿಲು ನೆತ್ತಿ ಒಡೆಯುವ ಹಾಗಿತ್ತು. ಔಷಧಿ ಕೇಳಿದರೆ ಯಾವುದೋ ಸಂಘದವರು ಬ್ಯಾನರು ಕಟ್ಟಿಕೊಂಡು ಬಂದು, ಮೊದಲು ಫೋಟೋ ಆಗಲಿ ಎಂದರು. ಔಷಧಿ ಎಲ್ಲಿ ಎಂದು ಮೈಕಮ್ಮ ಕೇಳಿದ್ದಕ್ಕೆ, "ಹಿಂದಿನ ಗಾಡೀಲಿ ಬರ್ತಿದೆ" ಎಂದರು. ಹಿಂದಿನ ಗಾಡಿ ಬರಲೇ ಇಲ್ಲ.

ಸೋಮವಾರ ಸಂಜೆ ನಾಲ್ಕಕ್ಕೆ ಪೊಲೀಸರ ವೈರ್‌ಲೆಸ್ಸಿನಲ್ಲಿ ಉಪ್ಪಿನ ದಿಬ್ಬ ಸಿಕ್ಕಿತು. ಗೋದಾಮಿನಲ್ಲಿ ಒಂದು ಹಳೆಯ ಸೆಟ್ ಇತ್ತು. ಬ್ಯಾಟರಿ ಉಳಿಸಲು ದಿನಕ್ಕೆರಡೇ ಸಲ, ಬೆಳಿಗ್ಗೆ ಎಂಟಕ್ಕೆ, ಸಂಜೆ ನಾಲ್ಕಕ್ಕೆ ಹಚ್ಚುತ್ತೇವೆ ಎಂದರು. ನೂರೆಂಬತ್ತು ಜನ ಗೋದಾಮಿನ ಅಟ್ಟದ ಮೇಲೆ. ದಿಬ್ಬಕ್ಕೆ ಹೋಗುವ ಸೇತುವೆ ಕೊಚ್ಚಿಹೋಗಿದೆ. ನಮ್ಮಿಂದ ಅಲ್ಲಿಗೆ ಹನ್ನೊಂದು ಕಿಲೋಮೀಟರು.

ಆಮೇಲೆ ಭಾವನ ದನಿ ಬಂತು. "ಏನು ನಾದಿನಿ, ನಮ್ಮ ಬಸ್ಸು ಎಷ್ಟು ಹೊತ್ತಿಗೆ?"

ಮೈಕಮ್ಮ ನಕ್ಕರು. ಅಷ್ಟರಲ್ಲಿ ಅಕ್ಕ ಸೆಟ್ ಕಿತ್ತುಕೊಂಡರು. "ಇವರ ನಗು ನಂಬ್ಬೇಡ ಕಣೇ. ಫ್ರಿಜ್ ಸಮೇತ ಮನೆ ಹೋಯ್ತು. ಇಂಜೆಕ್ಷನ್ ತಗೊಂಡಿದ್ದು ನಿನ್ನೆ ಬೆಳಿಗ್ಗೆಯೇ ಕೊನೆ."

ಅಧಿಕಾರಿಯ ನಿಯಮ ಸರಳವಾಗಿತ್ತು: ಹೆಚ್ಚು ಜನ ಇರುವ ಕಡೆಗೆ ಮೊದಲು. ಒಂದು ಕಡೆ ನಾಲ್ಕು ಸಾವಿರ, ಇನ್ನೊಂದು ಕಡೆ ಎರಡೂವರೆ ಸಾವಿರ, ಹೀಗೆ ಇಳಿಯುತ್ತಾ ಬಂದರೆ ದಿಬ್ಬ ಆರನೆಯದು. ಮೈಕಮ್ಮನೇ ಅದನ್ನು ಆರನೆಯ ಸಾಲಿನಲ್ಲಿ ಬರೆದರು. ನಾನು ಕಿಂಡಿಗೆ ಬಾಯಿಟ್ಟು, "ಸಾಹೇಬರಿಗೆ ಹೇಳ್ರೀ, ಅಕ್ಕ ಇದಾಳೆ ಅಂತ" ಎಂದೆ.

"ಎಲ್ಲರಿಗೂ ಅಕ್ಕ ಇರ್ತಾಳೆ" ಎಂದರು. ಬರೆಯುತ್ತಿದ್ದ ಕೈ ನಿಲ್ಲಲಿಲ್ಲ.

ಇನ್ಸುಲಿನ್ ಮಾತ್ರ ಹೊಂದಿಸಿದರು. ಎದುರಿನ ಔಷಧಿ ಅಂಗಡಿಯವನು ಒಂದು ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ತುಂಬಿ ನಾಲ್ಕು ಬಾಟಲಿ ಇಟ್ಟುಕೊಟ್ಟ. "ಐಸ್ ಕರಗಿದ್ರೂ ಹೆದರ್ಬೇಡಿ, ವಾರಗಟ್ಟಲೆ ಕೆಡಲ್ಲ" ಎಂದ. ಮಂಗಳವಾರ ಬೆಳಿಗ್ಗೆ ಮೈಕಮ್ಮ, ಗಂಡ ಓಡಿಸುತ್ತಿದ್ದ ಪರಿಹಾರದ ಲಾರಿಗೆ ನೀರಿನ ಕ್ಯಾನುಗಳನ್ನು ಹೇರಿಸಿ ಆ ಡಬ್ಬಿಯನ್ನು ಕ್ಯಾಬಿನ್ನಿನಲ್ಲಿ ಇಡಿಸಿದರು. ಲಾರಿ ಹೋಗಬೇಕಾದದ್ದು ಪಟ್ಟಿಯ ಐದನೆಯ ಊರಿಗೆ. ಅಲ್ಲಿಂದ ದಿಬ್ಬಕ್ಕೆ ಹಿನ್ನೀರು ದಾಟಿದರೆ ಆಯಿತು, ಯಾವುದಾದರೂ ದೋಣಿ ಸಿಗಬಹುದು ಎಂಬ ಆಸೆ.

ಲಾರಿ ಐದನೆಯ ಊರನ್ನು ಮುಟ್ಟಲಿಲ್ಲ. ಮಧ್ಯಾಹ್ನ ಮೂರಕ್ಕೆ ಅವರ ಗಂಡ ಖಾಲಿ ಲಾರಿ ತಂದು ನಿಲ್ಲಿಸಿ, ಡಬ್ಬಿ ಹಿಡಿದುಕೊಂಡು ಗಾಜಿನ ಕೋಣೆಗೆ ಬಂದರು.

"ದಾರಿಗೆ ಅಡ್ಡ ಮಲಗಿದ್ರು. ಹೆಂಗಸ್ರು, ಮಕ್ಕಳು, ಒಬ್ಬ ಮುದುಕ. ನಮ್ಮೂರು ನಿಮ್ಮ ಪಟ್ಟೀಲೇ ಇಲ್ವಂತಲ್ಲ ಅಂದ್ರು. ನೀರೆಲ್ಲ ಅಲ್ಲೇ ಇಳಿಸ್ಕೊಂಡ್ರು, ಮುಂದಕ್ಕೆ ಬಿಡ್ಲಿಲ್ಲ. ನಾನೇನ್ ಮಾಡ್ಲಿ? ಅವರ ಮೇಲೆ ಹತ್ತಿಸ್ಲಾ?"

ಮೈಕಮ್ಮ ಪಟ್ಟಿ ನೋಡಿದರು. ಆ ಊರು ನಿಜಕ್ಕೂ ಇರಲಿಲ್ಲ. ನಕ್ಷೆಯಲ್ಲೂ ಇರಲಿಲ್ಲ, ಬಸ್ಸಿನ ದಾರಿಯಲ್ಲೂ ಇರಲಿಲ್ಲ. "ಎಷ್ಟು ಜನ?" ಎಂದು ಕೇಳಿ ಬರೆದುಕೊಂಡರು. ಮುನ್ನೂರು. ದಿಬ್ಬ ಏಳನೆಯದಾಯಿತು. ಗಂಡ ಹೆಂಡತಿ ಆಮೇಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಂದು ಸಂಜೆ ನಾಲ್ಕಕ್ಕೆ ಅಕ್ಕ ಮಾತಾಡಿದರು. ಭಾವನಿಗೆ ವಾಂತಿ, ತಡೆಯಲಾರದ ಬಾಯಾರಿಕೆ. ಇರುವ ನೀರನ್ನು ಎಲ್ಲರಿಗೂ ಮುಚ್ಚಳದಲ್ಲಿ ಅಳೆದು ಕೊಡುತ್ತಿದ್ದರು. "ಅವರು ತಮ್ಮ ಪಾಲು ಕುಡಿದು ಪಕ್ಕದವರ ಮುಚ್ಚಳ ನೋಡ್ತಾರೆ ಕಣೇ. ನನಗೆ ನಾಚಿಕೆ ಆಗುತ್ತೆ" ಎಂದು ಅತ್ತರು.

ಆಗ ಮೈಕಮ್ಮ ಎದ್ದು ಅಧಿಕಾರಿಯ ಬಳಿ ಹೋದರು. ನಿಂತೇ ಹೇಳಿದರು, ಒಂದೇ ಉಸಿರಿನಲ್ಲಿ. ಅಧಿಕಾರಿ ತಲೆ ಹಿಡಿದುಕೊಂಡು, "ಮೊದಲೇ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದರು. ನಿನ್ನೆಯೇ ಹೇಳಿದ್ದರೆ ಏನು ಮಾಡುತ್ತಿದ್ದರೋ ಅವರಿಗೂ ಗೊತ್ತಿರಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು.

ಬುಧವಾರ ಎಂಜಿನ್ ದೋಣಿಯೊಂದು ಸಿಕ್ಕಿತು. ಅದರ ಯಜಮಾನ ತನ್ನ ಮನೆಯನ್ನೇ ಕಳೆದುಕೊಂಡವನು, ಆದರೂ ಬರುತ್ತೇನೆಂದ. ಮೈಕಮ್ಮನ ಗಂಡ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಹಿನ್ನೀರಿನ ತುಂಬ ಬುಡಮೇಲಾದ ಮರ, ಬಲೆ, ತಗಡು, ಸತ್ತ ದನ. ಅರ್ಧ ದಾರಿಯಲ್ಲಿ ಬಲೆ ಸುತ್ತಿಕೊಂಡು ಎಂಜಿನ್ನಿನ ರೆಕ್ಕೆ ಮುರಿಯಿತು. ಅಲ್ಲಿಂದ ಗೋದಾಮಿನ ಕೆಂಪು ಹೆಂಚು ಕಾಣುತ್ತಿತ್ತಂತೆ, ಅಟ್ಟದ ಕಿಟಕಿಯಲ್ಲಿ ಯಾರೋ ಬಟ್ಟೆ ಬೀಸುತ್ತಿದ್ದುದೂ ಕಾಣುತ್ತಿತ್ತಂತೆ. ಇವರೂ ಕೈ ಬೀಸಿದರು. ಹುಟ್ಟು ಹಾಕಲು ಎಷ್ಟು ಹೆಣಗಿದರೂ ಸೆಳೆತ ಬಿಡಲಿಲ್ಲ, ದೋಣಿ ಹಿಂದಕ್ಕೇ ಬಂತು.

ಗುರುವಾರ ಬೆಳಿಗ್ಗೆ ಹೆಲಿಕಾಪ್ಟರು ಬರುತ್ತದೆ ಎಂದು ಸುದ್ದಿ ಬಂತು. ಮೈಕಮ್ಮ ಡಬ್ಬಿಗೆ ಹೊಸ ಐಸ್ ತುಂಬಿಸಿ, ಅದರ ಮೇಲೆ ದಪ್ಪ ಅಕ್ಷರದಲ್ಲಿ ಭಾವನ ಹೆಸರು ಬರೆದು, ಡಿಪೋ ಮೈದಾನದಲ್ಲಿ ನಿಂತರು. ನಾನೂ ಜೊತೆಗೆ ನಿಂತೆ. ಹೆಲಿಕಾಪ್ಟರು ಬಂತು, ನಮ್ಮ ತಲೆಯ ಮೇಲಿನಿಂದಲೇ ಕಡಲಿನ ಕಡೆ ಹೋಯಿತು. ಇಳಿಯಲಿಲ್ಲ. ದೊಡ್ಡ ಊರಿನಿಂದಲೇ ಹೇರಿಕೊಂಡು ಹೊರಟಿತ್ತಂತೆ, ಇಲ್ಲಿ ಇಳಿಯಬೇಕೆಂದು ಪೈಲಟ್ಟಿಗೆ ಯಾರೂ ಹೇಳಿರಲಿಲ್ಲ. ದಿಬ್ಬದ ಮೇಲೆ ನೀರಿನ ಪೊಟ್ಟಣ, ಬಿಸ್ಕತ್ತು ಸುರಿದು ಹಾಗೇ ತಿರುಗಿತು. ನೂರೆಂಬತ್ತು ಜನ ನಾಲ್ಕು ದಿನದ ಮೇಲೆ ಹೊಟ್ಟೆ ತುಂಬ ನೀರು ಕುಡಿದರು. ದೊಡ್ಡ ಊರಿನಿಂದ ಆ ಸುದ್ದಿ ಬಂದಾಗ ಕಚೇರಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಮೈಕಮ್ಮನೂ ತಟ್ಟಿದರು. ಡಬ್ಬಿ ಕಂಕುಳಲ್ಲಿತ್ತು, ಹಾಗಾಗಿ ಚಪ್ಪಾಳೆ ಸರಿಯಾಗಿ ಆಗಲಿಲ್ಲ.

ಸಂಜೆ ನಾಲ್ಕಕ್ಕೆ ಸೆಟ್ಟಿನಲ್ಲಿ ಮೊದಲು ಕೇಳಿಸಿದ್ದು ಉಸಿರು. ಓಡಿ ಬಂದವನ ಏದುಸಿರಿನಂತೆ, ಆಳವಾಗಿ, ನಿಲ್ಲದೆ. ಅಕ್ಕ ಸೆಟ್ಟನ್ನು ಗಂಡನ ಬಾಯಿಯ ಹತ್ತಿರ ಹಿಡಿದಿದ್ದರು.

"ನಾದಿನಿ," ಎಂದರು ಭಾವ. ನಾಲಿಗೆ ಹೊರಳುತ್ತಿರಲಿಲ್ಲ. "ಬಸ್ಸು... ಹೊರಡ್ತಾ?"

ಕೋಣೆಯಲ್ಲಿ ಅಧಿಕಾರಿ ಇದ್ದರು, ಪೊಲೀಸರು ಇದ್ದರು, ನಾನಿದ್ದೆ. ಹೊರಟಿದೆ ಎಂದು ಹೇಳಿಬಿಡಲಿ ಎಂದು ನಾವೆಲ್ಲ ಬಾಯಿಬಿಡದೆ ಬೇಡಿಕೊಳ್ಳುತ್ತಿದ್ದೆವು. ಅಧಿಕಾರಿಯಂತೂ ಹೌದು ಎನ್ನಿ ಎಂದು ತಲೆಯಾಡಿಸಿ ಸನ್ನೆ ಮಾಡಿದರು. ಮೈಕಮ್ಮನ ತುಟಿ ತೆರೆಯಿತು, ಮುಚ್ಚಿತು. ಕಡೆಗೆ, ಇಪ್ಪತ್ತಾರು ವರ್ಷ ಊರಿಗೆಲ್ಲ ಕೇಳಿಸಿದ ಆ ದನಿ ಪಿಸುಮಾತಿನಷ್ಟು ಸಣ್ಣಗೆ, "ಇನ್ನೂ ಇಲ್ಲ ಭಾವ" ಎಂದಿತು.

ಆ ಕಡೆ ನಕ್ಕಂತೆ ಕೇಳಿಸಿತು. ಕೆಮ್ಮೂ ಇರಬಹುದು. "ಸರಿ... ಕಾಯ್ತೀವಿ" ಎಂದರು.

ಶುಕ್ರವಾರ ಬೆಳಿಗ್ಗೆ ಬೇರೆ ಎಂಜಿನ್ ಹಾಕಿಸಿಕೊಂಡು ದೋಣಿ ಹೊರಟಿತು. ಹತ್ತೂವರೆಗೆ ದಿಬ್ಬ ಮುಟ್ಟಿತು. ಭಾವ ತೀರಿಕೊಂಡು ಮೂರು ಗಂಟೆಯಾಗಿತ್ತು. ಮೈಕಮ್ಮನ ಗಂಡ ತಮ್ಮ ಷಡ್ಡಕನ ಕಾಲ ಬಳಿ ಕೂತರಂತೆ, ಡಬ್ಬಿಯನ್ನು ಎಲ್ಲಿಡಬೇಕೆಂದು ತಿಳಿಯದೆ. ಅಟ್ಟದಲ್ಲಿದ್ದ ಇನ್ನೊಬ್ಬ ಸಕ್ಕರೆ ಕಾಯಿಲೆಯ ಮುದುಕಿ, ಮಾತ್ರೆಯವಳು, ಇಂಜೆಕ್ಷನ್ ಬೇಕಿಲ್ಲದವಳು, "ದೇವ್ರೇ, ಇವನ ಬದಲು ನನ್ನನ್ನಾದ್ರೂ ಕರ್ಕೊಂಡು ಹೋಗಬಾರದಿತ್ತಾ" ಎಂದು ಗೋಳಾಡುತ್ತಿದ್ದಳಂತೆ.

ಮಧ್ಯಾಹ್ನ ಅಕ್ಕ ನಿಲ್ದಾಣಕ್ಕೆ ಬಂದಾಗ ಮೈಕಮ್ಮ ಗಾಡಿ ಬಿಡುತ್ತಿದ್ದರು. ಹನ್ನೆರಡು ಲಾರಿ ಸಾಲುಗಟ್ಟಿ ನಿಂತಿದ್ದವು, ಈಗ ದಾರಿಗಳು ಒಂದೊಂದಾಗಿ ತೆರೆಯುತ್ತಿದ್ದವು. ಮೈಕು ಬಿಟ್ಟು ಓಡಿಬಂದ ತಂಗಿಯನ್ನು ಅಕ್ಕ ಅಪ್ಪಿಕೊಳ್ಳಲಿಲ್ಲ, ದೂಡಲೂ ಇಲ್ಲ. ಬಟ್ಟೆಯೆಲ್ಲ ಉಪ್ಪು ಹತ್ತಿ ಬೆಳ್ಳಗಾಗಿತ್ತು.

"ಗಾಡಿ ಕಳಿಸೋಕಾಗ್ಲಿಲ್ಲ, ಗೊತ್ತು. ನಾನೇ ನೋಡಿದೀನಲ್ಲ ನೀರನ್ನ. ಆದ್ರೆ ಒಂದು ಮಾತು ಹೇಳ್ಬಹುದಿತ್ತು ಕಣೇ. ಬರ್ತಿದೆ ಅಂತ. ಆಮೇಲೆ ಅವರು ಮಾತೇ ಆಡ್ಲಿಲ್ಲ, ಕಿಟಕಿ ಕಡೆ ತಿರುಗಿ ಮಲಗಿಬಿಟ್ರು."

ಒಳಗೆ ಯಾರೋ ಕೂಗಿದರು, ನೀರಿನ ಲಾರಿ ಯಾವ ಕಡೆಗೆ ಎಂದು. ಮೈಕಮ್ಮ ಹೋಗಿ ಹೇಳಿ ಬಂದರು. ಬರುವಷ್ಟರಲ್ಲಿ ಅಕ್ಕ ಬೆಂಚಿನ ಮೇಲೆ ನಿದ್ದೆ ಹೋಗಿದ್ದರು.

ತಿಂಗಳೊಪ್ಪತ್ತಿನಲ್ಲಿ ಅಧಿಕಾರಿಗೆ ವರ್ಗವಾಯಿತು. ಹೋಗುವ ಮುಂಚೆ ಸಭೆ ಮಾಡಿ ಮೈಕಮ್ಮನಿಗೆ ಒಂದು ಪ್ರಶಂಸಾಪತ್ರ ಕೊಟ್ಟರು. ಎಷ್ಟು ಊರು, ಎಷ್ಟು ಗಾಡಿ, ಎಷ್ಟು ಸಾವಿರ ಜನ ಎಂದು ಅದರಲ್ಲಿ ಬರೆದಿತ್ತು, ಸುಳ್ಳೇನೂ ಇರಲಿಲ್ಲ. ಮೈಕಮ್ಮ ಅದನ್ನು ಮನೆಗೆ ಒಯ್ಯದೆ ಕೌಂಟರಿನ ಖಾನೆಯಲ್ಲಿ ಬಿಟ್ಟರು. ಅದರ ಮೇಲೆ ನಾವು ಟೀ ಲೋಟ ಇಡುವುದು ಬೇಡವೆಂದು ನಾನೇ ಒಂದು ಕವರಿನಲ್ಲಿ ಹಾಕಿ ಎತ್ತಿಟ್ಟೆ.

ಅಕ್ಕ ಒಂದೂವರೆ ವರ್ಷ ಅವರ ಮನೆಯಲ್ಲೇ ಇದ್ದರು. ಮುನಿಸು, ಜಗಳ ಏನೂ ಇರಲಿಲ್ಲ. ಒಬ್ಬರು ಒಗೆದ ಬಟ್ಟೆ ಇನ್ನೊಬ್ಬರು ಮಡಿಸುತ್ತಿದ್ದರು, ಒಂದೇ ತಟ್ಟೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು. ಭಾವನ ಮಾತು ಬಂದರೆ ಒಬ್ಬರು ಎದ್ದು ಒಳಗೆ ಹೋಗುತ್ತಿದ್ದರು, ಅಷ್ಟೇ. ಗೋದಾಮು ಮತ್ತೆ ಶುರುವಾದಾಗ ಗಂಡನ ಕೆಲಸ ಅಕ್ಕನಿಗೆ ಕೊಟ್ಟರು. ಎರಡನೆಯ ಸಲ ಅನುಕಂಪದ ನೌಕರಿಯ ಕಾಗದ ಬಂದಾಗ ಅಕ್ಕ ತಾವೇ ಇಟ್ಟುಕೊಂಡು ದಿಬ್ಬಕ್ಕೆ ಹೊರಟುಹೋದರು.

ಮೈಕಮ್ಮ ಆಮೇಲೆ ಅರ್ಜಿ ಹಾಕಿ ಮೈಕು ಬಿಟ್ಟರು. ಈಗ ನನ್ನ ಪಕ್ಕ ಕೂತು ಪಾಸು ಬರೆಯುತ್ತಾರೆ. ಒಂದು ದಿನ ಮಧ್ಯಾಹ್ನ, ಕೌಂಟರಿನಲ್ಲಿ ಯಾರೂ ಇಲ್ಲದಾಗ, ಪೆನ್ನಿನ ಮುಚ್ಚಳ ಹಾಕುತ್ತಾ, "ನೀವಾಗಿದ್ರೆ ಹೇಳ್ತಿದ್ರಾ?" ಎಂದು ಕೇಳಿದರು. ಯಾವುದರ ಬಗ್ಗೆ ಎಂದು ನಾನು ಕೇಳಬೇಕಾಗಿರಲಿಲ್ಲ.

"ಹೇಳ್ತಿದ್ದೆ" ಎಂದೆ.

"ನಾನೂ ಹಾಗೇ ಅಂದ್ಕೊಂಡಿದ್ದೆ" ಎಂದರು. "ಬಾಯಿವರೆಗೂ ಬಂದಿತ್ತು."

ಅಷ್ಟರಲ್ಲಿ ಹುಡುಗಿಯೊಬ್ಬಳು ಪಾಸ್ ನವೀಕರಿಸಲು ಬಂದಳು. ಫೋಟೋ ತಂದಿರಲಿಲ್ಲ. ಫೋಟೋ ಇಲ್ಲದೆ ಆಗಲ್ಲಮ್ಮ, ಎದುರಿಗೇ ಸ್ಟುಡಿಯೋ ಇದೆ, ತೆಗೆಸಿಕೊಂಡು ಬಾ ಎಂದು ಮೈಕಮ್ಮ ಕೈ ತೋರಿಸಿ ಕಳಿಸಿದರು.