ನಮ್ಮೂರ ಮಾಳಿಗೆ ಸೋರುತ್ತದೆ ಎಂದೆ

ಇದನ್ನು ಬರೆಯುವುದನ್ನು ನಲವತ್ತು ವರ್ಷಕ್ಕೂ ಮೇಲೆ ಮುಂದೂಡಿದ್ದೇನೆ. ಬಾದಾಮಿ ಸೀಮೆಯ ನನ್ನ ಜನರಿಗೆ ಈ ತೆಂಗಿನ ನಾಡಿನ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕೂತೆ. ಪ್ರತಿ ಸಲವೂ ತೆಂಗಿನಕಾಯಿಯ ಬಗ್ಗೆ ಬರೆದು, ಹೇಳಬೇಕಾದ್ದು ಬರುವ ಹೊತ್ತಿಗೆ ಎದ್ದುಬಿಟ್ಟೆ. ಈ ಸಲವೂ ಅಲ್ಲಿಂದಲೇ ಶುರು ಮಾಡುತ್ತೇನೆ, ಆದರೆ ಏಳುವುದಿಲ್ಲ.

ಎಪ್ಪತ್ತರ ದಶಕದ ನಡುವೆ, ಎಸ್ಸೆಸ್ಸೆಲ್ಸಿಯ ಮೇಲೊಂದು ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿಕೊಂಡು, ಚಿಕ್ಕನಾಯಕನಹಳ್ಳಿ ಕಡೆಯ ಒಂದು ಹಳ್ಳಿಯ ಹೈಸ್ಕೂಲಿಗೆ ಡ್ರಾಯಿಂಗ್ ಮೇಷ್ಟ್ರಾಗಿ ಬಂದೆ. ಮೊದಲ ಮಧ್ಯಾಹ್ನ ಬಾಡಿಗೆ ಕೋಣೆಯಲ್ಲಿ ಅಂಗಾತ ಮಲಗಿ ಮೇಲೆ ನೋಡಿದರೆ, ಹಲಗೆಗಳ ಸಂದಿನಲ್ಲಿ ಲೆಕ್ಕವಿಲ್ಲದಷ್ಟು ತೆಂಗಿನಕಾಯಿ. ಒಂದು ದಡದಡ ಉರುಳಿತು. ಎದ್ದು ಬೀದಿಗೆ ಓಡಿದೆ. ಮನೆಯ ಯಜಮಾನರು ಸಿದ್ದಪ್ಪನವರು, ಸ್ಕೂಲ್ ಕಮಿಟಿಯ ಅಧ್ಯಕ್ಷರೂ ಅವರೇ, ಜಗಲಿಯ ಮೇಲೆ ಕೂತು ನಕ್ಕರು. ಕಾಯಿ ಅಟ್ಟದ ಮೇಲೆ ಒಂದು ವರ್ಷ ಹಾಗೇ ಬಿದ್ದಿದ್ದು, ಒಳಗಿನ ನೀರು ಆರಿ ಉಂಡೆ ಕೊಬ್ಬರಿಯಾಗುತ್ತದಂತೆ. ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ನಮ್ಮಲ್ಲಿ ಮನೆಗೆ ಮಟ್ಟಸವಾದ ಮಣ್ಣಿನ ಮಾಳಿಗೆ, ಬೇಸಿಗೆಗೆ ಮನುಷ್ಯರು ಅದರ ಮೇಲೆ ಮಲಗುತ್ತಾರೆ. ಇಲ್ಲಿ ಹಂಚಿನ ಕೆಳಗೆ ಕಾಯಿ ಮಲಗುತ್ತದೆ, ಅದರ ಕೆಳಗೆ ಮನುಷ್ಯ.

ರೊಟ್ಟಿ ಬಿಟ್ಟು ಮುದ್ದೆ ನುಂಗುವುದನ್ನು ಕಲಿಯಲು ಆರು ತಿಂಗಳು ಹಿಡಿಯಿತು. ಮಾತಿಗೆ ಇನ್ನೂ ಹೆಚ್ಚು. ನಾನು ‘ಹೌದ್ರೀ’ ಎಂದರೆ ಮಕ್ಕಳು ಬೆಂಚಿನ ಕೆಳಗೆ ಬಗ್ಗಿ ನಗುತ್ತಿದ್ದರು. ‘ಬಿಡಿ’ ಎನ್ನುವುದನ್ನು ಇವರಂತೆ ‘ಬುಡಿ’ ಎಂದ ದಿನ ಹೋಟೆಲಿನವನು ತಲೆ ಎತ್ತಿ ನೋಡಿ ಮೆಚ್ಚಿಕೊಂಡ. ಆ ದಿನವೆಲ್ಲ ಹಿಗ್ಗಿದ್ದೆ.

ನಾಲ್ಕನೆಯ ವರ್ಷ ಬೆಂಗಳೂರಿನಿಂದ ಆರ್ಕಿಟೆಕ್ಚರ್ ಓದುವ ಒಬ್ಬ ವಿದ್ಯಾರ್ಥಿನಿ ಬಂದಳು. ಕೊನೆಯ ವರ್ಷದ ಕೆಲಸಕ್ಕೆ ನಮ್ಮ ಸ್ಕೂಲಿನ ಹೊಸ ಕಟ್ಟಡದ ನಕ್ಷೆಯನ್ನೇ ಆರಿಸಿಕೊಂಡಿದ್ದಳು. ಒಪ್ಪಿಗೆಯಾದರೆ ಅದನ್ನೇ ಕಟ್ಟಿಸುತ್ತೇವೆ ಎಂದು ಕಮಿಟಿಯವರು ಮಾತು ಕೊಟ್ಟಿದ್ದರು. ಜಾಗ ಗುಡ್ಡದ ಇಳಿಜಾರು, ಅದರಲ್ಲಿ ಫಸಲು ಬಿಡುವ ಹನ್ನೊಂದು ತೆಂಗಿನ ಮರ. ಪ್ಲಾಸ್ಟಿಕ್ ಪೈಪಿಗೆ ನೀರು ತುಂಬಿ, ಒಂದು ತುದಿ ಅವಳು ಒಂದು ತುದಿ ನಾನು ಹಿಡಿದು ಮಟ್ಟ ಅಳೆದೆವು. ಅವಳ ಮೊದಲ ನಕ್ಷೆಯಲ್ಲಿ ಉದ್ದನೆಯ ಒಂದೇ ಕಟ್ಟಡ. ಒಂದು ತುದಿ ನೆಲದೊಳಗೆ, ಇನ್ನೊಂದು ಗಾಳಿಯಲ್ಲಿ. ಹರಿದು ಹಾಕಿದಳು. ನಾನು ಸುಮ್ಮನಿರಲಾರದೆ ನಮ್ಮೂರಿನ ಸಂಗತಿ ಹೇಳಿದೆ: ಗುಡ್ಡಕ್ಕೆ ಅಂಟಿಕೊಂಡ ಮನೆಗಳು, ಕೆಳಗಿನ ಮನೆಯ ಮಾಳಿಗೆಯೇ ಮೇಲಿನ ಮನೆಯ ಅಂಗಳ. ಅವಳು ಪೆನ್ಸಿಲ್ ಕೆಳಗಿಟ್ಟು ಕೇಳಿದಳು.

ಮುಂದಿನ ಮೂರು ವಾರ ಬರೆದು ಅಳಿಸಿ, ಬರೆದು ಅಳಿಸಿ, ಸ್ಕೂಲು ಮೂರು ಮೆಟ್ಟಿಲಾಗಿ ಗುಡ್ಡ ಇಳಿಯಿತು. ಕೆಳಗಿನ ಕ್ಲಾಸಿನ ತಾರಸಿ ಮೇಲಿನ ಕ್ಲಾಸಿನವರ ಅಂಗಳ. ಗೋಡೆಯ ಹಿಂದೆ ಮಳೆನೀರಿಗೆ ಚರಂಡಿ. ಒಂದು ಮರವನ್ನೂ ಕಡಿಯದೆ ಮೆಟ್ಟಿಲುಗಳು ಬಳಸಿಕೊಂಡು ಹೋಗುತ್ತಿದ್ದವು. ರಟ್ಟು ಅಂಟಿಸಿ ಮಾದರಿಯನ್ನೂ ಮಾಡಿದೆವು. ಅಷ್ಟು ಸಂತೋಷ ನನಗೆ ಈ ಊರಿನಲ್ಲಿ ಅದುವರೆಗೆ ಸಿಕ್ಕಿರಲಿಲ್ಲ.

ಕಮಿಟಿ ಸಭೆಯಲ್ಲಿ ಕೊಬ್ಬರಿ ವ್ಯಾಪಾರದ ಗಂಗಣ್ಣ ಮಾದರಿಯ ಮೇಲೆ ಬಗ್ಗಿದ. “ಇದೇನವ್ವ, ಎಂಟನೇ ಕ್ಲಾಸಿನೋರ ನೆತ್ತಿ ಮೇಲೆ ಒಂಬತ್ತನೇ ಕ್ಲಾಸಿನೋರು ಕುಣಿಯದಾ?”

ಮೇಷ್ಟ್ರ ಊರಿನಲ್ಲಿ ಜನ ಹೀಗೇ ಬದುಕುತ್ತಾರೆ ಎಂದಳು ಅವಳು. ಎಲ್ಲರೂ ನನ್ನ ಕಡೆ ತಿರುಗಿದರು.

“ಎಮ್ಮೆನೂ ಮನೆ ಮೇಲೇ ಕಟ್ತಾರೇನೋ ಕಣ್ಲಾ,” ಎಂದ ಗಂಗಣ್ಣ ಪಕ್ಕದವನಿಗೆ. ಸಭೆಯೆಲ್ಲ ನಕ್ಕಿತು.

ಸಿದ್ದಪ್ಪನವರು ನಗಲಿಲ್ಲ. “ಸುಮ್ಕಿರ್ಲಾ ಗಂಗ. ಮೇಷ್ಟ್ರೇ, ನೀವು ಅಂಥ ಮನೇಲಿ ಹುಟ್ಟಿ ಬೆಳೆದೋರು. ಸೋರಲ್ಲ ಅಂತ ನೀವೊಂದು ಮಾತು ಹೇಳಿ, ಇದನ್ನೇ ಕಟ್ಸಾನ.”

ನಮ್ಮ ಮನೆ ಸೋರಿದ್ದು ನನಗೆ ನೆನಪಿಲ್ಲ. ಮಳೆಗೆ ಮೊದಲೇ ಅಪ್ಪ ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿಯುತ್ತಿದ್ದ. ಆದರೆ ಆ ನಗು ಇನ್ನೂ ಕಿವಿಯಲ್ಲಿತ್ತು. ನಾಲ್ಕು ವರ್ಷ ಉಜ್ಜಿ ಉಜ್ಜಿ ತೆಗೆದಿದ್ದ ಊರು ಮತ್ತೆ ಮೈಗೆ ಅಂಟಿಕೊಂಡಂತಾಯಿತು. ನಾನೂ ನಕ್ಕೆ.

“ಸೋರ್ತದೆ ಕಣ್ರೀ,” ಎಂದೆ. “ಗತಿ ಇಲ್ದೆ ಹಂಗೆ ಕಟ್ಕೊಂಡವ್ರೆ. ಬುಡಿ.”

ಗಂಗಣ್ಣ ನನ್ನ ಬೆನ್ನು ತಟ್ಟಿದ. “ಮೇಷ್ಟ್ರು ಈಗ ನಮ್ಮೋರಾದ್ರು.”

ಅವಳು ಮಾದರಿ ಎತ್ತಿಕೊಂಡು ಹೊರಟಳು. ತಿಪಟೂರಿನ ಬಸ್ಸಿಗೆ ಕಾಯುವಾಗ, ಬಿಡಲು ಹೋಗಿದ್ದ ನನ್ನ ಮುಖ ನೋಡದೆ ಕೇಳಿದಳು: “ಮೇಷ್ಟ್ರೇ, ನನಗೆ ಹೇಳಿದ್ದು ಸುಳ್ಳಾ, ಅವರಿಗೆ ಹೇಳಿದ್ದು ಸುಳ್ಳಾ?” ನಾನು ಬಸ್ಸು ಬರುವ ದಾರಿ ನೋಡುತ್ತ ನಿಂತೆ. ಬಸ್ಸು ಬಂತು.

ಹನ್ನೊಂದು ಮರ ಕಡಿದರು. ಗುಡ್ಡ ಕೊರೆದು ಮಟ್ಟ ಮಾಡಿ ಉದ್ದನೆಯ ಹಂಚಿನ ಕಟ್ಟಡ ಎಬ್ಬಿಸಿದರು. ನಿವೃತ್ತನಾಗುವವರೆಗೂ ಅದರಲ್ಲೇ ಪಾಠ ಮಾಡಿದೆ. ಹಳೆಯ ಸ್ಕೂಲಿನಿಂದ ಅಲ್ಲಿಗೆ ಬೀರು ಸಾಗಿಸುವಾಗ ಅವಳು ಬಿಟ್ಟುಹೋದ ನಕ್ಷೆಯ ಹಾಳೆ ಸಿಕ್ಕಿತು. ಮೂಲೆಯಲ್ಲಿ ತನ್ನ ಹೆಸರಿನ ಕೆಳಗೆ, ಈ ವಿನ್ಯಾಸದ ಮೂಲ ಎಂದು, ಮಸಿಯಲ್ಲಿ ದುಂಡಗೆ ನಮ್ಮೂರ ಹೆಸರು ಬರೆದಿದ್ದಳು.

ಇಲ್ಲೇ ಮದುವೆಯಾದೆ, ಮನೆ ಮಾಡಿದೆ. ನಮ್ಮೂರಿಗೆ ಹೋದಾಗ ತಮ್ಮನ ಮಕ್ಕಳು ನನ್ನ ಮಾತಿಗೆ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಮಾಳಿಗೆಗೆ ಕರೆದರೆ ಮಂಡಿ ನೋವೆಂದು ಕೆಳಗೇ ಕೂರುತ್ತೇನೆ. ಇಲ್ಲಿಗೆ ಮರಳಿದರೆ ನಮ್ಮೋರು ಬಂದ್ರು ಎನ್ನುತ್ತಾರೆ. ಆ ಮಾತು ನನಗೆ ಹೇಗೆ ಸಿಕ್ಕಿತೆಂದು ಬಲ್ಲವಳು ಇನ್ನೊಬ್ಬಳೇ. ಹಾಳೆಯ ಮೇಲೆ ಅವಳ ವಿಳಾಸವೂ ಇತ್ತು. ಒಂದು ಕಾರ್ಡೂ ಹಾಕಲಿಲ್ಲ. ಅವಳ ಹೆಸರು ಸುಮಿತ್ರಾ.