ಹೊಗಳಿಕೆಯೆಲ್ಲ ಕೋಲಿಗೆ

ವಡೋದರೆಯ ಬ್ಯಾಂಕಿನಲ್ಲಿದ್ದಾಗ ಕಣ್ಣಿಲ್ಲದ ನನಗೊಂದು ಯಂತ್ರ ದಾನವಾಗಿ ಸಿಕ್ಕಿತು. ಬಿಳಿ ಕೋಲಿನ ಹಿಡಿಗೆ ಕಟ್ಟುವಂಥದ್ದು. ಎದೆ, ತಲೆಯ ಮಟ್ಟದಲ್ಲಿ ಏನಾದರೂ ಅಡ್ಡ ಬಂದರೆ ಗುರ್ ಎಂದು ಕೈಯಲ್ಲಿ ನಡುಗುತ್ತದೆ. ಆ ದಿನ ಹಾರ, ಶಾಲು ದಾನ ಕೊಟ್ಟವರಿಗೆ, ಭಾಷಣ ಕೇಳುವ ಕೆಲಸ ನನಗೆ. ಫೋಟೊದವನು "ಇತ್ತ ನೋಡಿ ಸರ್" ಎಂದ. ನೋಡಿದೆ.

ಸೂರತ್ತಿಗೆ ವರ್ಗವಾದಾಗ ತಿಳಿಯಿತು, ಈ ಯಂತ್ರಕ್ಕೆ ದೊಡ್ಡ ಅಡ್ಡಿ ಅದರ ಅಭಿಮಾನಿಗಳೇ ಎಂದು. ಸೀರೆ ಮಾರುಕಟ್ಟೆಯಲ್ಲಿ ಬೇಕೆಂದೇ ಎದುರು ನಿಲ್ಲುವರು. ನಾನು ನಿಂತರೆ "ಚಾಲೇ ಛೇ!", ಅಂದರೆ ನಡೀತಿದೆ, ಎಂದು ಹಿಗ್ಗುವರು. ಅವರು ಹಿಗ್ಗಿ ಮುಗಿಸುವಷ್ಟರಲ್ಲಿ ನನ್ನ ಬಸ್ಸು ಹೋಗಿರುತ್ತಿತ್ತು.

ಈಗಿರುವುದು ಅಹಮದಾಬಾದಿನ ಬೋಪಾಲ್ ಎಂಬ ಬಡಾವಣೆಯಲ್ಲಿ. ನಮ್ಮ ಅಪಾರ್ಟ್‌ಮೆಂಟಿನ ಚೇರ್ಮನ್ನರು ದಿನಾ ಬೆಳಿಗ್ಗೆ ಗೇಟಿನಲ್ಲಿ ಉಸಿರು ಬಿಗಿಹಿಡಿದು ನನ್ನ ದಾರಿಗೆ ಅಡ್ಡ ನಿಂತು ಪರೀಕ್ಷೆ ಮಾಡುತ್ತಾರೆ. "ಮಶೀನ್ ಇದೆಯೆಂದು ಒಬ್ಬರನ್ನೇ ಬಿಡುತ್ತಿದ್ದೇವೆ" ಎಂದು ನನ್ನ ಹೆಂಡತಿಗೆ ಹಿಂದಿಯಲ್ಲಿ ಹೇಳಿದ್ದರು. ಬಿಡಲು ಇವರ್ಯಾರು? ಆದರೆ ಅವಳೂ ಆ ಯಂತ್ರದ ಧೈರ್ಯದ ಮೇಲೆಯೇ ಶಾಲೆಯ ನೌಕರಿ ಒಪ್ಪಿಕೊಂಡಿದ್ದಳು. ಇಲ್ಲದಿದ್ದರೆ ನನ್ನನ್ನು ಸ್ಕೂಟರಿನಲ್ಲಿ ಬ್ಯಾಂಕಿಗೆ ಬಿಟ್ಟು ಕರೆತರುವುದೇ ಅವಳ ಉದ್ಯೋಗವಾಗುತ್ತಿತ್ತು.

ದೀಪಾವಳಿಯ ಹೊತ್ತಿಗೆ ಯಂತ್ರ ಸತ್ತಿತು. ಆ ಮಾಡೆಲ್ ತಯಾರಿಸುವುದನ್ನೇ ನಿಲ್ಲಿಸಿದ್ದೇವೆ, ರಿಪೇರಿ ಆಗದು ಎಂದರು ಕಂಪನಿಯವರು. ನಾನು ತುಟಿ ಪಿಟಕ್ಕೆನ್ನದೆ ಅದರ ಹೆಣ ಹೊತ್ತುಕೊಂಡೇ ಓಡಾಡಿದೆ. ಚೇರ್ಮನ್ನರ ಪರೀಕ್ಷೆಯಲ್ಲೂ ಪಾಸಾಗುತ್ತಿದ್ದೆ. ಅವರ ತಂಬಾಕಿನ ವಾಸನೆ ಅವರಿಗಿಂತ ಮೊದಲೇ ಬರುತ್ತಿತ್ತು. "ಎಂಥಾ ಮಶೀನು!" ಎಂದು ಕೋಲನ್ನು ತಟ್ಟುವರು. ದುಡಿಯುವುದು ನನ್ನ ಮೂಗು, ಕಿವಿ. ಹೆಸರು ಆ ಡಬ್ಬಿಗೆ.

ಒಂದು ಸಂಜೆ ಅಂಗಡಿಯೊಂದರ ಅರ್ಧ ಇಳಿಸಿದ ಶಟರಿಗೆ ಹಣೆ ಬಡಿದು ಊದಿತು. ಅಂಥಲ್ಲಿ ಯಂತ್ರ ಬೇಕಿತ್ತು, ಸುಳ್ಳೇಕೆ? ಮನೆಗೆ ಬಂದೊಡನೆ ಹೆಂಡತಿ ಅದರ ಗುಂಡಿ ಒತ್ತಿದಳು. ನಡುಗಲಿಲ್ಲ.

"ಯಾವಾಗಿಂದ ಕೆಟ್ಟೈತ್ರಿ ಇದು?"

"ದೀಪಾವಳಿಯಿಂದ."

ಅವಳೆಲ್ಲಿ ನೌಕರಿ ಬಿಡುತ್ತೇನೆ ಎಂದುಬಿಡುತ್ತಾಳೋ ಎಂದು ನನಗೆ ನಿಜಕ್ಕೂ ಭಯವಾಯಿತು. ಅವಳು ಇನ್ನೂ ಎರಡು ಸಲ ಗುಂಡಿ ಒತ್ತಿ ನೋಡಿದಳು.

"ಅಂದ್ರ ಇಷ್ಟ್ ದಿನ ನೀವೇ ಹೋಗಿ ಬಂದ್ರೇನು?"

ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಬಾಳ್ವೆ ಮಾಡಿದವಳು ಕೇಳುವ ಮಾತೇ ಇದು?

"ಮತ್ಯಾರು, ಚೇರ್ಮನ್ ಹೊತ್ಕೊಂಡು ಹೋಗಿದ್ನೇನು?"

ಅವಳು ಹಣೆಗೆ ಅರಿಶಿನ ಮೆತ್ತಿದಳು, ಸ್ವಲ್ಪ ಜೋರಾಗಿಯೇ. ಆಮೇಲೆ ನನ್ನ ಕೈಯಲ್ಲಿ ಮನೆಯ ಬೀಗದ ಕೈ ಇಟ್ಟಳು.

"ನಾಳೆ ನನಗ ಸಾಲ್ಯಾಗ ಪರೀಕ್ಷಾ ಡ್ಯೂಟಿ ಐತಿ, ಲಗೂನ ಹೋಗ್ತೀನಿ. ನೀವು ಕೀಲಿ ಹಾಕ್ಕೊಂಡು ಹೋಗ್ರಿ."